ಭಿತ್ತಿಪತ್ರಿಕೆಯ ಪಕ್ಕ ನಿಂತು ಕಲಿತದ್ದು

ಕಾಲೇಜಿನಲ್ಲಿ ಬರೆಯಲು ಶುರುಮಾಡುವವರಲ್ಲಿ ಹೆಚ್ಚಿನವರು ಕವನದಿಂದಲೇ ಶುರುಮಾಡುತ್ತಾರೆ. ನಾನೂ ಹಾಗೆಯೇ. ಪುತ್ತೂರಿನಲ್ಲಿ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದಾಗ ನಮ್ಮ ಭಿತ್ತಿಪತ್ರಿಕೆಗೆ ನಾನು ಕೊಟ್ಟದ್ದೆಲ್ಲ ಮಳೆ, ಮೌನ, ಕನಸುಗಳ ಮೇಲಿನ ಕವನಗಳು. ಕೊನೆಯ ವರ್ಷಕ್ಕೆ ಬರುವಾಗ ನಾನು ಬರೆಯುತ್ತಿದ್ದದ್ದು ಬೀಡಿ ಕಟ್ಟುವವರು, ಅಡಿಕೆ ಮರಕ್ಕೆ ಮದ್ದು ಬಿಡುವವರು, ಚೆಂಡೆಗೆ ಚರ್ಮ ಬಿಗಿಯುವವರು, ಹೀಗೆ ಕೈಕೆಲಸದವರ ಬಗ್ಗೆ ಪುಟ್ಟ ಗದ್ಯಗಳು. ಈಗಲೂ ಅದನ್ನೇ ಬರೆಯುತ್ತೇನೆ. ಇದಕ್ಕಿಂತ ಇಷ್ಟದ ಕೆಲಸ ನನಗೆ ಇನ್ನೊಂದಿಲ್ಲ.

‘ನಿಮ್ಮ ಶೈಲಿ ನಿಮಗೆ ಹೇಗೆ ಸಿಕ್ಕಿತು?’ ಎಂದು ಈಗ ಅಲ್ಲಿ ಓದುತ್ತಿರುವ ಕೆಲವರು ಕೇಳುತ್ತಾರೆ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಹೇಳುವುದು ಸುಲಭ. ಸ್ವಲ್ಪ ಆ ಗೋಡೆಯ ಹತ್ತಿರ, ಸ್ವಲ್ಪ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ, ಇನ್ನು ಸ್ವಲ್ಪ ಮಳೆಗಾಲದ ತಾಳಮದ್ದಳೆಯಲ್ಲಿ. ಕಥೆ ಕಾದಂಬರಿ ಓದಿದ್ದೂ ಸಹಾಯ ಮಾಡಿದೆ. ಆದರೆ ಓದಿದ್ದರ ಬಗ್ಗೆ ಎಲ್ಲರೂ ಹೇಳುತ್ತಾರೆ. ನಾನು ಉಳಿದದ್ದನ್ನು ಹೇಳುತ್ತೇನೆ.

ಭಿತ್ತಿಪತ್ರಿಕೆ ನಮ್ಮ ಕಡೆಯ ಕಾಲೇಜುಗಳಲ್ಲಿ ಮಾಮೂಲು. ಒಂದು ದೊಡ್ಡ ಡ್ರಾಯಿಂಗ್ ಶೀಟ್, ಅದರ ಮೇಲೆ ಕೈಯಲ್ಲಿ ಬರೆದ ಲೇಖನ, ಕವನ, ಚಿತ್ರ. ಅಕ್ಷರ ಚಂದ ಇದ್ದವರು ಬರೆಯುವುದು, ಉಳಿದವರು ಬಣ್ಣ ತುಂಬುವುದು. ನಮ್ಮದು ಲೈಬ್ರರಿಯ ಮೆಟ್ಟಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಪ್ರತಿ ವರ್ಷ ಮೊದಲ ಸಂಚಿಕೆ ಹೊರಡುವುದು ಜುಲೈ 1ಕ್ಕೆ. 1843ರಲ್ಲಿ ಅದೇ ದಿನ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನ ಹೆರ್ಮನ್ ಮೋಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಅದು ಕಲ್ಲಚ್ಚಿನಲ್ಲಿ ಮುದ್ರಣವಾದ ಪತ್ರಿಕೆ. ಕಲ್ಲಚ್ಚಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ ಇಲ್ಲ. ಕೈಯಲ್ಲಿ ಬರೆದ ಅಕ್ಷರವೇ ಕಲ್ಲಿಗೆ ಇಳಿದು ಅಲ್ಲಿಂದ ಕಾಗದಕ್ಕೆ ಬರುತ್ತದೆ. ಕನ್ನಡದ ಮೊದಲ ಪತ್ರಿಕೆಯನ್ನೂ ಜನ ಓದಿದ್ದು ಒಬ್ಬರ ಕೈಬರಹದಲ್ಲಿಯೇ ಎಂದು ನಮ್ಮ ಕನ್ನಡ ಮೇಡಂ ಹೇಳುವಾಗ ಸ್ಕೆಚ್ ಪೆನ್ ಹಿಡಿದ ನಮಗೆಲ್ಲ ಹೆಮ್ಮೆ ಆಗುತ್ತಿತ್ತು.

ಭಿತ್ತಿಪತ್ರಿಕೆಯಲ್ಲಿ ಒಂದು ಅನುಕೂಲ ಉಂಟು. ಓದುಗರನ್ನು ಕಣ್ಣಾರೆ ನೋಡಬಹುದು. ಪುಸ್ತಕ ಬರೆದವರಿಗೂ ಪತ್ರಿಕೆಗೆ ಬರೆದವರಿಗೂ ಅದು ಸಿಗುವುದಿಲ್ಲ. ಇಂಟರ್‌ವಲ್‌ನಲ್ಲಿ ಹೆಗಲಿಗೆ ಬ್ಯಾಗ್ ಹಾಕಿಕೊಂಡು ನಿಂತೇ ಓದುವವರು ಅವರು. ಕೂರುವ ಜಾಗ ಇಲ್ಲ, ಬೆಲ್ ಆಗಲು ಸಮಯ ಇಲ್ಲ. ಇಷ್ಟವಾಗದಿದ್ದರೆ ಅಲ್ಲಿಂದ ಹೊರಡುತ್ತಾರೆ, ಅಷ್ಟೇ. ನಾನು ನನ್ನ ಬರಹದ ಪ್ರತಿಯನ್ನು ನೋಟ್‌ಬುಕ್‌ನಲ್ಲಿ ಇಟ್ಟುಕೊಂಡು ಮೆಟ್ಟಿಲ ಹತ್ತಿರ ನಿಲ್ಲುತ್ತಿದ್ದೆ. ಓದುವವರ ತಲೆ ಎಷ್ಟು ಕೆಳಗೆ ಬಾಗಿತು ಎಂದು ನೋಡಿದರೆ ಎಲ್ಲಿಯವರೆಗೆ ಓದಿದರು ಎಂದು ಅಂದಾಜು ಸಿಗುತ್ತದೆ. ಅಲ್ಲಿ ಪೆನ್ಸಿಲಿನಲ್ಲಿ ಒಂದು ಸಣ್ಣ ಗೆರೆ.

ಕೆಲವು ಸಂಚಿಕೆ ಹೀಗೆ ಗೆರೆ ಹಾಕಿದ ಮೇಲೆ ಒಂದು ವಿಷಯ ಚೆನ್ನಾಗಿ ಕಾಣತೊಡಗಿತು. ಎಲ್ಲರೂ ಮೊದಲೇ ಒಪ್ಪಿರುವ ಮಾತು ಬಂದ ಕಡೆ ಜನ ಬಿಟ್ಟುಹೋಗುತ್ತಾರೆ. ‘ಬದುಕು ಸುಖದುಃಖಗಳ ಸಂಗಮ’ ಎಂಬಂಥ ಸಾಲು. ಅದು ಸುಳ್ಳಲ್ಲ, ಆದರೆ ಅದನ್ನು ಓದಲು ಯಾರೂ ನಿಲ್ಲಬೇಕಾಗಿಲ್ಲ ಅಲ್ವಾ? ಒಂದು ವಸ್ತು, ಒಂದು ಊರಿನ ಹೆಸರು, ಯಾರಾದರೂ ಆಡಿದ ಒಂದು ಮಾತು ಬಂದರೆ ನಿಲ್ಲುತ್ತಾರೆ. ಸೀನಿಯರ್ ಒಬ್ಬರು ಹಾಸ್ಟೆಲ್ ಅಡುಗೆಯವರ ಬಗ್ಗೆ ಬರೆದಿದ್ದರು. ಸಾಂಬಾರಿಗೆ ಹುಳಿ ಎಷ್ಟು ಎಂದು ಅವರು ಕೈಯ ಮೇಲೆ ತೂಗಿ ನೋಡುವುದನ್ನು ಬರೆದ ಸಾಲಿಗೆ ಬಂದಾಗ ಒಬ್ಬಳು ಹಿಂದೆ ತಿರುಗಿ ಗೆಳತಿಯನ್ನು ಕರೆದು ಜೋರಾಗಿ ಓದಿ ಹೇಳಿದಳು. ಇನ್ನೊಬ್ಬರನ್ನು ಕರೆದು ಓದಿಸುವ ಸಾಲು! ಅಂಥದ್ದೊಂದು ಸಾಲು ನನ್ನ ಬರಹದಲ್ಲೂ ಇರಬೇಕು ಎಂದು ಆವತ್ತು ಆಸೆಯಾಯಿತು. ಆ ಆಸೆ ಈಗಲೂ ಹಾಗೆಯೇ ಇದೆ.

ಇದೇ ಹೊತ್ತಿಗೆ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಇನ್ನೊಂದು ಪಾಠ ನಡೆಯುತ್ತಿತ್ತು. ಗಿಡದ ಕಾಂಡವನ್ನು ಬ್ಲೇಡಿನಿಂದ ಅಡ್ಡಕ್ಕೆ ತೆಳ್ಳಗೆ ಸೀಳಿ, ನೀರಿನಲ್ಲಿ ತೇಲಿಬಿಟ್ಟು, ಅದರಲ್ಲಿ ತೀರಾ ತೆಳ್ಳಗಿನದನ್ನು ಆರಿಸಿ, ಸಾಫ್ರನಿನ್ ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಅಡಿಯಲ್ಲಿಟ್ಟು ಚಿತ್ರ ಬಿಡಿಸಬೇಕು. ವಿಜ್ಞಾನ ಓದಿದವರಿಗೆಲ್ಲ ಇದು ಗೊತ್ತು. ಪಠ್ಯಪುಸ್ತಕದ ಚಿತ್ರದಲ್ಲಿ ಎಲ್ಲವೂ ಸಾಲಾಗಿ ಉಂಗುರದಂತೆ ಇರುತ್ತದೆ. ನಮ್ಮ ಸ್ಲೈಡಿನಲ್ಲಿ ಅರ್ಧ ಹರಿದಿರುತ್ತದೆ, ಒಂದು ಕಡೆ ಗಾಳಿಯ ಗುಳ್ಳೆ, ಇನ್ನೊಂದು ಕಡೆ ಬಣ್ಣ ಜಾಸ್ತಿ. ಪುಸ್ತಕ ನೋಡಿ ಚಂದ ಬಿಡಿಸಿದ ರೆಕಾರ್ಡಿಗೆ ನಮ್ಮ ಮೇಡಂ ಸಹಿ ಹಾಕುತ್ತಿರಲಿಲ್ಲ. ‘ಕಂಡದ್ದನ್ನು ಬಿಡಿಸಿ. ಗುಳ್ಳೆ ಕಂಡರೆ ಗುಳ್ಳೆಯನ್ನೂ ಬಿಡಿಸಿ’ ಎನ್ನುತ್ತಿದ್ದರು.

ಈ ಮಾತನ್ನು ನಾನು ಬರವಣಿಗೆಗೆ ತೆಗೆದುಕೊಂಡೆ. ಯಾರೂ ಹೇಳಿಕೊಟ್ಟದ್ದಲ್ಲ. ರೆಕಾರ್ಡ್ ಬರೆಯುವ ಸಂಜೆಯೇ ಭಿತ್ತಿಪತ್ರಿಕೆಗೂ ಬರೆಯಬೇಕಾಗಿ ಬಂದು ಎರಡು ಪುಸ್ತಕ ಮೇಜಿನ ಮೇಲೆ ಒಟ್ಟಿಗೆ ಇದ್ದವು, ಆಗ ಹೊಳೆಯಿತು. ಮಳೆಯ ಬಗ್ಗೆ ನನ್ನ ಕವನದಲ್ಲಿ ಇದ್ದದ್ದು ಬೇರೆಯವರ ಮಳೆ. ನಮ್ಮ ಮನೆಯ ಮಳೆಗೆ ಹಂಚಿನ ಸಂದಿಯಿಂದ ನೀರು ಬೀಳುವ ಜಾಗ ಉಂಟು, ಅಲ್ಲಿ ಇಡುವ ಅಲ್ಯುಮಿನಿಯಂ ಪಾತ್ರೆ ಉಂಟು. ಕಾಂಡ ದಪ್ಪಗೆ ಸೀಳಿದರೆ ಬೆಳಕು ಹಾಯುವುದಿಲ್ಲ, ಏನೂ ಕಾಣುವುದಿಲ್ಲ. ಬರಹವೂ ಹಾಗೆಯೇ ಎಂದು ನನಗೆ ಅನಿಸಿತು. ‘ಅಮ್ಮನ ಜೀವನ’ ದಪ್ಪ ತುಂಡು. ಅಮ್ಮ ಒಂದು ಬೀಡಿ ಕಟ್ಟುವುದು ತೆಳ್ಳಗಿನ ತುಂಡು.

ಅದನ್ನೇ ಮೊದಲು ಬರೆದೆ. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಬೀಡಿ ಕಟ್ಟಿದ ದುಡ್ಡಿನಲ್ಲಿ ಓದಿದ ಮಕ್ಕಳು ತುಂಬಾ ಮಂದಿ. ಬೀಡಿ ಕಾರ್ಮಿಕರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನದ ಅರ್ಜಿ ತುಂಬಿಸದ ವರ್ಷವೇ ನನಗೆ ನೆನಪಿಲ್ಲ. ಹುಟ್ಟಿದಾಗಿನಿಂದ ಕಂಡ ಕೆಲಸ. ಆದರೂ ಒಂದು ಭಾನುವಾರ ರೆಕಾರ್ಡ್ ಪುಸ್ತಕದಲ್ಲಿ ಬರೆಯುವ ಹಾಗೆ ‘ಸಾಮಗ್ರಿ, ವಿಧಾನ, ಕಂಡದ್ದು’ ಎಂದು ಮೂರು ಭಾಗ ಮಾಡಿ ಜಗಲಿಯಲ್ಲಿ ಅಮ್ಮನ ಎದುರು ಕುಳಿತೆ. ‘ಎಂತ ಹಾಗೆ ನೋಡುವುದು? ನೀನು ನೋಡದ್ದು ಎಂತ ಉಂಟು ಇದರಲ್ಲಿ?’ ಎಂದರು ಅಮ್ಮ. ನೋಡದ್ದು ತುಂಬಾ ಇತ್ತು.

ಹಿಂದಿನ ದಿನವೇ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ. ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸುವಾಗ ಎಲೆಯ ದಪ್ಪ ನರ ಒಳಗೆ ಬಾರದ ಹಾಗೆ ತಿರುಗಿಸಿ ಹಿಡಿಯುತ್ತಾರೆ. ಮಡಿಲಲ್ಲಿ ಗೆರಸೆ, ಅದರ ಒಂದು ಮೂಲೆಯಲ್ಲಿ ಹೊಗೆಸೊಪ್ಪಿನ ಪುಡಿ. ಎಲೆಯ ಮೇಲೆ ಪುಡಿ ಹರಡಿ, ಸುತ್ತಿ, ನೂಲು ಹಾಕಿ, ತುದಿಯನ್ನು ಒಳಗೆ ಮಡಚಿದರೆ ಒಂದು ಬೀಡಿ. 25 ಬೀಡಿಗೆ ಒಂದು ಕಟ್ಟು. ಸಸ್ಯಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಆ ಎಲೆಯನ್ನು ತಿರುಗಿಸಿ ನೋಡಿದ್ದೂ ಆವತ್ತೇ. ಸಸ್ಯಶಾಸ್ತ್ರದಲ್ಲಿ ಆ ಮರದ ಹೆಸರು ಡಯೋಸ್ಪೈರಾಸ್ ಮೆಲನಾಕ್ಸಿಲಾನ್. ಹೆಚ್ಚಾಗಿ ಮಧ್ಯಪ್ರದೇಶ, ಛತ್ತೀಸ್‌ಗಢ, ಒಡಿಶಾದ ಕಾಡುಗಳಿಂದ ಬರುವ ಎಲೆ ಅದು. ಅಲ್ಲಿ ಯಾರೋ ಕಿತ್ತು, ಒಣಗಿಸಿ, ಕಟ್ಟಿ ಕಳಿಸಿದ್ದು ನಮ್ಮ ಜಗಲಿಗೆ ಬಂದಿದೆ. ಅಮ್ಮ ಆ ಮರವನ್ನು ನೋಡಿಯೇ ಇಲ್ಲ.

ಭಿತ್ತಿಪತ್ರಿಕೆಯಲ್ಲಿ ಅಂಟಿಸಿದ ಬರಹದ ನಡುವಿನ ಭಾಗ ಹೀಗಿತ್ತು:

‘ಎಲೆ ಎಡಗೈಯಲ್ಲಿ. ಬಲಗೈಯ ಮೂರು ಬೆರಳಿಗೆ ಬಂದಷ್ಟು ಪುಡಿ. ಸುತ್ತುವಾಗ ಅಮ್ಮ ಎಲೆಯನ್ನು ನೋಡುವುದಿಲ್ಲ, ಅಂಗಳವನ್ನು ನೋಡುತ್ತಾರೆ. ಅಂಗಳದಲ್ಲಿ ಕೋಳಿ ಬತ್ತಕ್ಕೆ ಬಾಯಿ ಹಾಕಿದರೆ ಓಡಿಸುವುದು ಬಾಯಿಯ ಕೆಲಸ. ಕೈ ನಿಲ್ಲುವುದಿಲ್ಲ. ಕಟ್ಟು ತುಂಬಿತು ಎಂದು ಗೊತ್ತಾಗುವುದು ಬೆರಳಿಗೆ. ಆಮೇಲೆ ಎಣಿಸುತ್ತಾರೆ. ಎಣಿಸಿದರೆ 25.’

ಇದರಲ್ಲಿ ‘ಪಾಪ’ ಇಲ್ಲ, ‘ಕಷ್ಟಜೀವಿ’ ಇಲ್ಲ, ‘ತ್ಯಾಗಮಯಿ’ ಇಲ್ಲ. ಬೇಕೆಂದೇ ಹಾಗೆ ಬರೆದೆ. ಸ್ಲೈಡಿನಲ್ಲಿ ಕಾಣದ್ದನ್ನು ಬರೆಯುವ ಹಾಗಿಲ್ಲ ಎಂದು ನನಗೇ ನಾನು ಹಾಕಿಕೊಂಡ ನಿಯಮ ಅದು. ಅಮ್ಮನ ಬೆನ್ನು ನೋವಿನ ಬಗ್ಗೆ ಬರೆಯಬೇಕಾಗಿದ್ದ ಕಡೆ, ಎದ್ದು ನಿಲ್ಲುವಾಗ ಅವರು ಗೋಡೆಗೆ ಅಂಗೈ ಊರುವ ಜಾಗದಲ್ಲಿ ಸುಣ್ಣ ಮಾಸಿರುವುದನ್ನು ಬರೆದೆ.

ಆ ಸಂಚಿಕೆಯ ಎದುರು ಜನ ನಿಂತರು. ಕೊನೆಯ ಸಾಲಿನವರೆಗೂ ತಲೆ ಬಾಗಿತು. ಅದಕ್ಕಿಂತ ಖುಷಿ ಕೊಟ್ಟದ್ದು ಬಿ.ಕಾಂ.ನ ಹುಡುಗನೊಬ್ಬ ಹುಡುಕಿಕೊಂಡು ಬಂದು ತಕರಾರು ಎತ್ತಿದ್ದು. ‘ನಮ್ಮಲ್ಲಿ ನೂಲನ್ನು ಹೀಗೆ ಹಾಕುವುದಲ್ಲ, ಅಮ್ಮನ ಹತ್ತಿರ ಕೇಳಿ ನೋಡಿದೆ’ ಎಂದ. ಅವನು ಮನೆಗೆ ಹೋಗಿ ಅಮ್ಮನ ಕೈ ನೋಡಿ ಬಂದಿದ್ದ! ಮತ್ತೊಬ್ಬಳು ತನ್ನ ಅಜ್ಜಿ ಮುಳಿಹುಲ್ಲಿನ ಮಾಡು ಹೊದಿಸುತ್ತಿದ್ದದ್ದನ್ನು ಹೇಳಿದಳು. ಕವನ ಬರೆದಾಗ ‘ಚಂದ ಉಂಟು’ ಎಂದು ಹೇಳಿ ಹೋಗುತ್ತಿದ್ದ ಮಂದಿ ಈಗ ತಮ್ಮದನ್ನು ಹೇಳಲು ನಿಲ್ಲುತ್ತಿದ್ದರು. ಇದನ್ನೇ ಮಾಡಬೇಕು, ಇನ್ನು ಜಾಸ್ತಿ ಮಾಡಬೇಕು ಎಂದು ಆಗ ಗಟ್ಟಿಯಾಯಿತು. ಯಾವುದು ನಮ್ಮ ಇಷ್ಟದ ಕೆಲಸ ಎಂದು ತಿಳಿಯಲು ತುಂಬಾ ಯೋಚಿಸಬೇಕಾಗಿಲ್ಲ ಎಂಬುದು ನನ್ನ ಅನುಭವ. ಆ ಸಂಚಿಕೆ ಗೋಡೆಯಿಂದ ಇಳಿಯುವ ಮೊದಲೇ, ಯಾರೂ ಕೇಳದೆ, ನಾನು ಮುಂದಿನ ಬರಹಕ್ಕೆ ಇನ್ನೊಬ್ಬರ ಎದುರು ಹೋಗಿ ಕುಳಿತಿದ್ದೆ.

ಅವರು ಅಡಿಕೆಗೆ ಮದ್ದು ಬಿಡುವವರು. ಮಳೆಗಾಲದಲ್ಲಿ ಕೊಳೆರೋಗ ಬಾರದ ಹಾಗೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸುವುದು. ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಅವರು ಉಜ್ಜಿ ಬೆಳಗಿಸಿದ ಕಬ್ಬಿಣದ ಚೂರಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಚೂರಿಯ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಬಂದು ಅಂಟಿದೆ ಎಂದು ಅರ್ಥ, ಇನ್ನು ಸುಣ್ಣ ಬೇಕು. ನಾವು ಹೈಸ್ಕೂಲಿನಲ್ಲಿ ಮೈಲುತುತ್ತಿನ ನೀರಿಗೆ ಕಬ್ಬಿಣದ ಮೊಳೆ ಹಾಕಿ ನೋಡಿದ ಪ್ರಯೋಗವೇ ಅದು. ಅದನ್ನು ಬರೆಯುವಾಗ ರಾಸಾಯನಿಕ ಸಮೀಕರಣ ಹಾಕುವ ಆಸೆ ತುಂಬಾ ಇತ್ತು. ಹಾಕಲಿಲ್ಲ. ಅವರು ನನಗೆ ವಿವರಣೆ ಕೊಡದೆ ಚೂರಿ ಎತ್ತಿ ತೋರಿಸಿದ್ದರು. ನಾನೂ ಓದುಗರಿಗೆ ಚೂರಿಯನ್ನೇ ತೋರಿಸಿದೆ. ವಿಜ್ಞಾನ ಓದಿದ್ದರಿಂದ ನನಗೆ ನೋಡಲು ಬಂತು. ಬರೆಯುವಾಗ ಅದನ್ನು ಒಳಗಿಟ್ಟುಕೊಂಡರೆ ಸಾಕು.

ವಿಜ್ಞಾನದವರಿಗೆ ಬರವಣಿಗೆ ಯಾಕೆ ಎಂದು ಕೇಳುವವರು ಆಗಲೂ ಇದ್ದರು. ಪುತ್ತೂರಿನಲ್ಲಿ ಓದಿದವರಿಗೆ ಆ ಪ್ರಶ್ನೆ ಅಷ್ಟು ದೊಡ್ಡದಲ್ಲ. ಪರ್ಲಡ್ಕದ ಬಾಲವನದಲ್ಲಿ ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದರು. ಕಾದಂಬರಿ ಬರೆದ ಕೈಯಲ್ಲೇ ವಿಜ್ಞಾನವನ್ನೂ ಬರೆದರು, ಯಕ್ಷಗಾನದ ಬಗ್ಗೆಯೂ ಬರೆದರು. ಕಾಲೇಜಿನಿಂದ ಅಲ್ಲಿಗೆ ನಡೆದುಕೊಂಡು ಹೋಗಿ ಸುಮ್ನೆ ಕುಳಿತು ಬರುತ್ತಿದ್ದೆವು.

ಶೈಲಿಯ ವಿಷಯಕ್ಕೆ ಬರುತ್ತೇನೆ. ಅದು ತಾಳಮದ್ದಳೆಯಿಂದ ಅರ್ಥವಾಯಿತು. ಮೇ ತಿಂಗಳ ಕೊನೆಗೆ ಬರುವ ತುಳುನಾಡಿನ ಆಚರಣೆಯ ದಿನ ಪತ್ತನಾಜೆ ಕಳೆದ ಮೇಲೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಮಳೆಗಾಲ ಪೂರ್ತಿ ದೇವಸ್ಥಾನದಲ್ಲಿ, ಮನೆಗಳಲ್ಲಿ, ಸಭಾಭವನಗಳಲ್ಲಿ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಆ ಪದ್ಯಕ್ಕೆ ಅರ್ಥ ಹೇಳುತ್ತಾರೆ. ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟುವುದು. ಮಾವನ ಜೊತೆ ಹೋಗುತ್ತಿದ್ದೆ. ಒಂದೇ ವಾಲಿಯನ್ನು ಬೇರೆ ಬೇರೆ ಕಡೆ ಬೇರೆ ಬೇರೆ ಅರ್ಥಧಾರಿಗಳಿಂದ ಕೇಳಿದ್ದೇನೆ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಸಂದರ್ಭ. ಒಬ್ಬರ ವಾಲಿ ವಕೀಲರ ಹಾಗೆ ಒಂದೊಂದೇ ಧರ್ಮದ ಪ್ರಶ್ನೆ ಎತ್ತಿದ. ಇನ್ನೊಬ್ಬರ ವಾಲಿ ಮೊದಲು ಮಾತಾಡಿದ್ದೇ ಮಗ ಅಂಗದನ ಬಗ್ಗೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಮಾವ ಹಳೆಯ ಕ್ಯಾಸೆಟ್‌ನಲ್ಲಿ ಕೇಳಿಸಿದರು. ಅದು ಮತ್ತೂ ಬೇರೆ. ಪದ್ಯ ಅದೇ, ಕಥೆ ಅದೇ, ಕೊನೆಗೆ ವಾಲಿ ಸಾಯುವುದೂ ಅದೇ. ಬೇರೆಯಾಗುವುದು ಯಾವ ಪ್ರಶ್ನೆ ಮೊದಲು, ಎಲ್ಲಿ ಮಾತು ನಿಲ್ಲಿಸುತ್ತಾರೆ, ಯಾವುದನ್ನು ಹೇಳದೆ ಬಿಡುತ್ತಾರೆ ಎಂಬುದರಲ್ಲಿ.

ಮನೆಗೆ ಬಂದು ನಾನು ಬರೆದದ್ದನ್ನೆಲ್ಲ ಒಟ್ಟಿಗೆ ಇಟ್ಟು ಇದೇ ಮೂರನ್ನು ಹುಡುಕಿದೆ. ನನ್ನ ಮೊದಲ ಪ್ರಶ್ನೆ ಯಾವಾಗಲೂ ‘ಹೇಗೆ’. ‘ಯಾಕೆ’ ಎಂಬುದು ತಡವಾಗಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ವಾಕ್ಯ ಮೂರು ನಾಲ್ಕು ಪದಕ್ಕೆ ನಿಲ್ಲುತ್ತದೆ. ಕೆಲಸದವರ ಮಾತಿನ ಮೇಲೆ ನನ್ನ ಮಾತು ಬರುವುದಿಲ್ಲ. ಇದು ನಾನು ಯೋಚಿಸಿ ತಂದದ್ದಲ್ಲ, ಅಲ್ಲೇ ಇತ್ತು. ಇದನ್ನು ಗುರುತಿಸಿದ ಮೇಲೆ ಉಳಿಸಿಕೊಂಡೆ. ಹಾಗೆಯೇ ‘ಹೀಗೆ’, ‘ಒಟ್ಟಿನಲ್ಲಿ’ ಎಂದು ಪ್ಯಾರಾ ಮುಗಿಸುವುದು ಕೂಡ ಎಲ್ಲ ಬರಹದಲ್ಲೂ ಸಿಕ್ಕಿತು. ಅದು ಪರೀಕ್ಷೆಯ ಪ್ರಬಂಧದಿಂದ ಬಂದದ್ದು. ಅದನ್ನು ತೆಗೆದೆ. ಮತ್ತೆ ಅಭ್ಯಾಸಕ್ಕೆಂದು ಬಸ್ಸಿನ ಒಂದೇ ಘಟನೆಯನ್ನು ಎರಡು ಥರ ಬರೆಯುತ್ತಿದ್ದೆ. ಕಂಡಕ್ಟರ್ ‘ರೈಟ್ ಪೋಯಿ’ ಎಂದು ಸೀಟಿ ಊದಿದ ಮೇಲೆ ಅಜ್ಜಿಯೊಬ್ಬರು ಕೋಳಿ ಇದ್ದ ಚೀಲ ಹಿಡಿದು ಓಡಿ ಬಂದದ್ದು. ಒಮ್ಮೆ ಕಂಡಕ್ಟರನ ಕಡೆಯಿಂದ, ಒಮ್ಮೆ ಕಿಟಕಿಯ ಪಕ್ಕ ಕುಳಿತವರ ಕಡೆಯಿಂದ. ಯಾವುದನ್ನು ಬರೆಯುವಾಗ ಪೆನ್ನು ಸಲೀಸಾಗಿ ಓಡಿತೋ ಅದಕ್ಕೆ ಗುರುತು ಹಾಕುವುದು. ನನಗೆ ಯಾವಾಗಲೂ ಓಡಿದ್ದು ಕೆಲಸದಲ್ಲಿರುವವರ ಕಡೆಯಿಂದ ಬರೆದದ್ದೇ.

ಭಾಷೆಯದ್ದು ಇನ್ನೊಂದು ಮಾತು. ನಮ್ಮ ಮನೆಯಲ್ಲಿ ತುಳು. ಕನ್ನಡ ಬಂದದ್ದು ಶಾಲೆಯಿಂದ, ಯಕ್ಷಗಾನದಿಂದ, ಪೇಪರಿನಿಂದ. ಹಾಗಾಗಿ ನಮ್ಮ ಕಡೆ ಬರೆಯುವವರ ಕನ್ನಡ ಸ್ವಲ್ಪ ಇಸ್ತ್ರಿ ಹಾಕಿದ ಅಂಗಿ. ಅದರ ಮೇಲೆ ನನಗೆ ತುಂಬಾ ಪ್ರೀತಿ ಉಂಟು, ಬಿಟ್ಟುಕೊಡಲು ಮನಸ್ಸಿಲ್ಲ. ಆದರೆ ಬೀಡಿ ಕಟ್ಟುವ ಅಮ್ಮ ಪುಸ್ತಕದ ಕನ್ನಡದಲ್ಲಿ ಮಾತಾಡಿದರೆ ಅವರು ಅಮ್ಮನ ಹಾಗೆ ಕೇಳುವುದಿಲ್ಲ. ನಾನು ಕಂಡುಕೊಂಡ ದಾರಿ ಇದು. ಬರೆಯುವ ಮೊದಲು ನಡೆದದ್ದನ್ನು ತುಳುವಿನಲ್ಲಿ ಅಮ್ಮನಿಗೆ ಹೇಳುತ್ತೇನೆ, ಸಂಜೆ ಅವರು ಎಲೆ ಕತ್ತರಿಸುವಾಗ. ಅವರು ಎಲ್ಲಿ ‘ಆಮೇಲೆ?’ ಎಂದು ಕೇಳುತ್ತಾರೋ ಅಲ್ಲಿಂದ ಬರಹ ಶುರು. ನನ್ನ ಮಾತಿನಲ್ಲಿ ಎಲ್ಲರ ಕನ್ನಡ. ಬೇರೆಯವರು ತುಳುವಿನಲ್ಲಿ ಆಡಿದ್ದನ್ನು ನಮ್ಮ ಕಡೆಯ ಕನ್ನಡಕ್ಕೆ ತರುತ್ತೇನೆ. ‘ಎಂತ’, ‘ಮಾರಾಯ್ರೆ’ ಅಲ್ಲಿ ಇರಲೇಬೇಕು. ಒಮ್ಮೆ ನನ್ನ ಒಂದು ‘ಉಂಟು’ವಿಗೆ ಕನ್ನಡ ಮೇಡಂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಎರಡು ಸಲ ಜೋರಾಗಿ ಓದಿ ನೋಡಿ, ‘ಇರಲಿ, ಇಲ್ಲಿ ಇದೇ ಸರಿ’ ಎಂದರು. ಆಮೇಲೆ ನಾನೂ ಪ್ರತಿ ಸಾಲನ್ನು ಜೋರಾಗಿ ಓದಿಯೇ ತೀರ್ಮಾನ ಮಾಡುವುದು.

ಈಗ ನಾನು ಬರೆದದ್ದು ಪತ್ರಿಕೆಗಳಲ್ಲಿ ಬರುತ್ತದೆ. ಅಲ್ಲಿ ಓದುಗರು ಎಲ್ಲಿ ಬಿಟ್ಟುಹೋದರು ಎಂದು ನೋಡಲು ಆಗುವುದಿಲ್ಲ. ಹಾಗಾಗಿ ಕಳಿಸುವ ಮೊದಲು ಒಂದು ಪ್ರತಿ ಅಮ್ಮನಿಗೆ ಓದಿ ಹೇಳುತ್ತೇನೆ, ಇನ್ನೊಂದನ್ನು ಬರಹದಲ್ಲಿ ಯಾರ ಕೆಲಸ ಇದೆಯೋ ಅವರಿಗೆ. ಎರಡನೆಯದನ್ನು ಎಲ್ಲರೂ ಮಾಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಚೆಂಡೆಗೆ ಚರ್ಮ ಬಿಗಿಯುವವರು ನನ್ನ ಬರಹ ಪೂರ್ತಿ ಕೇಳಿ, ‘ಬಿಗಿಯುವ ಮೊದಲು ಚರ್ಮ ನೆನೆ ಹಾಕುವುದು ಬಿಟ್ಟುಹೋಯಿತಲ್ಲ’ ಎಂದು ಹೇಳಿ ಅಷ್ಟನ್ನೂ ಮತ್ತೊಮ್ಮೆ ಮಾಡಿ ತೋರಿಸಿದ್ದರು. ಆ ಬರಹದಲ್ಲಿ ಜನ ಹೆಚ್ಚು ನೆನಪಿಟ್ಟುಕೊಂಡದ್ದು ಆ ಭಾಗವನ್ನೇ.

ಭಿತ್ತಿಪತ್ರಿಕೆ ನಡೆಸುವ ಈಗಿನ ಹುಡುಗರು ಬರಹ ತೋರಿಸಲು ಬರುತ್ತಾರೆ. ತಿದ್ದುವ ಮೊದಲು ನಾನು ಒಂದೇ ಪ್ರಶ್ನೆ ಕೇಳುವುದು: ‘ಇದನ್ನು ಓದುವವರ ಪಕ್ಕ ನಿಂತು ನೋಡಿದಿರಾ?’ ಇಲ್ಲ ಎಂದರೆ ಮೊದಲು ಹೋಗಿ ನಿಲ್ಲಿ ಎನ್ನುತ್ತೇನೆ. ಪೆನ್ಸಿಲ್ ಗುರುತು ಹಾಕಿದ ಪ್ರತಿ ಹಿಡಿದುಕೊಂಡು ಬಂದರೆ ಮಾತಾಡಲು ತುಂಬಾ ಇರುತ್ತದೆ. ಕಳೆದ ವಾರ ಬಂದವಳ ಪ್ರತಿಯಲ್ಲಿ ಗೆರೆ ಇದ್ದದ್ದು ಎರಡನೇ ಪ್ಯಾರಾದಲ್ಲಿ. ಅವಳ ಅಪ್ಪನ ಹೊಲಿಗೆ ಮೆಷಿನ್ ಬರುವುದು ನಾಲ್ಕನೆಯದರಲ್ಲಿ. ಅದನ್ನು ಮೇಲಕ್ಕೆ ತರುತ್ತಿದ್ದಾಳೆ.